ಕರೆಂಟ್ ಇದ್ದಾಗ ಉಣ್ಣಲಾಗದ ಬಸುರಿಯ ಪರವಾಗಿ

ತಾಲ್ಲೂಕಿನ ಬಸುರಿಯರ ಊಟದ ಉಸ್ತುವಾರಿ ಹೊತ್ತ ಮಾನ್ಯರೇ,

ನನ್ನ ಸೊಸೆ ಸ್ನೇಹ ಆರು ತಿಂಗಳ ಬಸುರಿ. ಅವಳಿಗೆಂದು ನೀವು ಅಂಗನವಾಡಿಯಲ್ಲಿ ಬೇಯಿಸಿಡುವ ಅನ್ನ, ಸಾರು, ಮೊಟ್ಟೆ ಅವಳ ಹೊಟ್ಟೆ ಸೇರುತ್ತಿಲ್ಲ. ಮಧ್ಯಾಹ್ನವೇ ಬರಬೇಕು, ಅಲ್ಲೇ ಕೂತು ಉಣ್ಣಬೇಕು, ಡಬ್ಬಿಗೆ ಹಾಕಿಕೊಡುವುದಿಲ್ಲ ಎಂಬುದು ನಿಮ್ಮ ನಿಯಮ. ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಬೀದಿಯಲ್ಲಿ ಮಧ್ಯಾಹ್ನವೆಂದರೆ ಕರೆಂಟ್ ಇರುವ ಹೊತ್ತು. ಕರೆಂಟ್ ಇದ್ದಾಗ ಮಗ್ಗ ಬಿಟ್ಟು ಏಳಬಾರದು ಎಂಬುದು ನಮ್ಮ ನಿಯಮ. ಎರಡು ನಿಯಮಗಳೂ ಸುಖವಾಗಿವೆ. ನಡುವೆ ಹುಡುಗಿ ಹಸಿದುಕೊಂಡು ನಿಂತಿದ್ದಾಳೆ.

ಮಗ್ಗ ನಿಲ್ಲಿಸಿ ಬರಬಾರದೇ ಎಂದು ನೀವು ಕೇಳಬಹುದು. ಮನೆಯಲ್ಲಿ ನಾಲ್ಕು ಕರೆಂಟ್ ಮಗ್ಗಗಳಿವೆ. ಎರಡನ್ನು ಮಗ ನಂದನ್ ನೋಡುತ್ತಾನೆ, ಎರಡನ್ನು ಸ್ನೇಹ. ನೇಯಲು ಹಾಸಿನ ನೂಲು ಕೊಟ್ಟ ಸಾಹುಕಾರರಿಗೆ ಹೇಳಿದ ದಿನಕ್ಕೆ ಸೀರೆ ಬೇಕು, ಅವರಿಗೆ ಬಸುರಿ ಬಾಣಂತಿಯ ಲೆಕ್ಕವಿಲ್ಲ. ನಮ್ಮಲ್ಲಿ ಹಸಿವಾದಾಗ ಯಾರೂ ಉಣ್ಣುವುದಿಲ್ಲ, ಕರೆಂಟ್ ಹೋದಾಗ ಉಣ್ಣುತ್ತೇವೆ. ಅಷ್ಟು ಹೊತ್ತಿಗೆ ನಿಮ್ಮ ಪಾತ್ರೆ ತೊಳೆದು ಬೋರಲು ಹಾಕಿರುತ್ತಾರೆ.

ಒಮ್ಮೆ ನಂದನ್ ಕ್ಯಾರಿಯರ್ ಹಿಡಿದು ಹೋದ. ಅವತ್ತು ತಪಾಸಣೆಗೆಂದು ಸ್ವತಃ ತಾವೇ ಬಂದಿದ್ದಿರಿ. "ಮನೆಗೆ ಕೊಟ್ರೆ ಮನೆ ಮಂದಿಯೆಲ್ಲಾ ತಿಂದ್ಬಿಡ್ತೀರಿ ಕಣ್ರೀ" ಎಂದು ನಕ್ಕಿರಂತೆ. ಕೇಳಿ ನನಗೆ ಮೈ ಉರಿದುಹೋಯಿತು. ಉರಿದದ್ದು ನೀವು ಸುಳ್ಳು ಹೇಳಿದಿರೆಂದಲ್ಲ, ನಿಜ ಹೇಳಿದಿರೆಂದು. ನಮ್ಮ ಮನೆಯಲ್ಲಿ ಬಸುರಿ ಉಣ್ಣುವುದು ಕೊನೆಗೆ. ಅದರ ಮೇಲೆ, ನನ್ನ ಜೊತೆಯಲ್ಲೇ ಇರುವ ನನ್ನ ಅಮ್ಮ ಬೈರಮ್ಮನ ಪಾಠ ಬೇರೆ: "ಹೆಚ್ಗೆ ಉಣ್ಬ್ಯಾಡ ಕಣಮ್ಮ. ಕೂಸು ದಪ್ಪ ಆದ್ರೆ ಹೊಟ್ಟೆ ಕುಯ್ಯಿಸ್ಕೋಬೇಕಾಗ್ತದೆ. ನಮ್ಮ ಆಶಾ ಹುಟ್ದಾಗ ಬೆಕ್ಕಿನ್ ಮರಿ ಹಂಗಿದ್ಲು, ನೋವೇ ಗೊತ್ತಾಗ್ಲಿಲ್ಲ."

ಆ ಬೆಕ್ಕಿನ ಮರಿ ನಾನೇ, ಮಾನ್ಯರೇ. ಅಮ್ಮ ಅರ್ಧ ಹೊಟ್ಟೆ ಉಂಡು ನನ್ನನ್ನು ಸುಖವಾಗಿ ಹೆತ್ತಳು. ಹೆತ್ತ ಮೇಲೆ, ಕೂಸು ಸಣಕಲಾಯಿತೆಂದು ಬೀದಿಯವರು ಆಡಿಕೊಂಡಾರೆಂದು, ಸಕ್ಕರೆ ಹಾಲಿನಲ್ಲಿ ಬಿಸ್ಕತ್ತು ಅದ್ದಿ ಅದ್ದಿ ತಿನ್ನಿಸಿ ಗುಂಡಗೆ ಮಾಡಿದಳು. ಅವಳ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ದೊಡ್ಡವಳಾದ ಮೇಲೆ ಮತ್ತೆ ಕಡ್ಡಿಯಾದೆ. ಮೂವತ್ತು ದಾಟುತ್ತಿದ್ದಂತೆ ಸಕ್ಕರೆ ಕಾಯಿಲೆ ಬಂತು, ಹಿಂದೆಯೇ ಬಿ.ಪಿ.

ಹೋದ ವರ್ಷದ ಆರೋಗ್ಯ ಶಿಬಿರದಲ್ಲಿ ತಾವು ವೇದಿಕೆಯಿಂದಿಳಿದು ನನ್ನನ್ನೇ ಕೇಳಿದ್ದಿರಿ, ನೆನಪಿದೆಯೇ? "ಏನಮ್ಮಾ, ತುಂಬಾ ಸ್ವೀಟ್ ತಿಂತಿದ್ರಾ?" ಜನ ನಕ್ಕರು. ನಾಚಿಕೆಯಿಂದ ನಾನು ತಲೆ ತಗ್ಗಿಸಿದೆ. ಪಕ್ಕದಲ್ಲಿದ್ದ ಡಾಕ್ಟರಮ್ಮ ಆಮೇಲೆ ನನ್ನನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. ತಾಯಿಯ ಹೊಟ್ಟೆಯಲ್ಲಿ ಊಟ ಸಾಲದೆ ಬೆಳೆದ ಮೈ ಇದ್ದುದರಲ್ಲೇ ಬದುಕುವುದನ್ನು ಕಲಿತುಬಿಡುತ್ತದೆ. ಆಮೇಲೆ ಅದಕ್ಕೆ ಸುರಿದು ತಿನ್ನಿಸಿದರೆ ತಾಳುವುದಿಲ್ಲ. ಹಾಗೆ ಹುಟ್ಟಿದವರಿಗೆಲ್ಲ ಕಾಯಿಲೆ ಬಂದೇ ಬರುತ್ತದೆಂದಲ್ಲ, ಆದರೆ ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆ ಬರುವ ಸಂಭವ ಹೆಚ್ಚು. ಹಾಗಾದರೆ ಹೇಳಿ, ಅಮ್ಮನ ಹೊಟ್ಟೆಯೊಳಗೆ ನಾನು ಯಾವ ಸ್ವೀಟ್ ತಿಂದಿದ್ದೆ? ಅಲ್ಲಿ ನಾಲಿಗೆ ಹಿಡಿತದಲ್ಲಿಟ್ಟುಕೊಳ್ಳಬೇಕಿತ್ತೇ? ಬೆಳಿಗ್ಗೆ ಎದ್ದು ವಾಕಿಂಗ್ ಹೋಗಬೇಕಿತ್ತೇ?

ಅಮ್ಮನಿಗೂ ಇದನ್ನೆಲ್ಲ ಹೇಳಿದೆ. "ನಿನ್ ಡಾಕ್ಟರಮ್ಮ ಎಷ್ಟ್ ಹೆತ್ತವ್ಳೆ?" ಎಂದು ಕೇಳಿದಳು.

ಇನ್ನು ನೀವು ಕೇಳಬಹುದಾದ ಪ್ರಶ್ನೆ ಒಂದೇ. ಸೊಸೆ ಉಂಡು ಬರುವಷ್ಟು ಹೊತ್ತು ಅವಳ ಮಗ್ಗದ ಮುಂದೆ ಅತ್ತೆ ನಿಲ್ಲಬಾರದೇ? ನಿಂತೆ, ಮಾನ್ಯರೇ. ಸಕ್ಕರೆ ಕಾಯಿಲೆ ನನ್ನ ಕಣ್ಣು ತಿಂದಿದೆ. ಎಳೆ ಕಡಿದದ್ದು ಕಾಣಲಿಲ್ಲ. ಸೀರೆಯ ಮೈಯುದ್ದಕ್ಕೂ ಗೀರು ಬಿತ್ತು. ಮಾರನೆಯ ದಿನದಿಂದ ಸ್ನೇಹ ಮಗ್ಗ ಬಿಟ್ಟು ಕದಲಿಲ್ಲ. "ಬಿಡಿ ಅತ್ತೆ, ಕರೆಂಟ್ ಹೋದ್ಮೇಲೆ ಏನಾದ್ರೂ ತಿಂತೀನಿ" ಎಂದಳು. ಅಮ್ಮ ಉಣ್ಣದೆ ಹೋದದ್ದು ನನ್ನ ಕಣ್ಣಿಗೆ ಬಂತು. ನನ್ನ ಕಣ್ಣು ಹೋದದ್ದು ಸೊಸೆಯ ಊಟಕ್ಕೆ ಬಂತು. ಅವಳ ಊಟ ತಪ್ಪುತ್ತಿರುವುದು ಯಾರಿಗೆ ಬರುತ್ತದೆಂದು ನನಗೆ ಗೊತ್ತು. ಗೊತ್ತಿದ್ದೂ ನಾನು ಏನೂ ಮಾಡಲಾರೆ. ಆ ಸಂಕಟಕ್ಕೆ ನನಗೆ ನಿದ್ದೆ ಹತ್ತುವುದಿಲ್ಲ.

ಡಬ್ಬಿ ಬೇಡ. ಆ ಮಾತಿನಲ್ಲಿ ನೀವೇ ಗೆದ್ದಿರಿ. ನಮ್ಮ ಬೀದಿಯ ಅಂಗನವಾಡಿಯ ಊಟದ ಹೊತ್ತನ್ನು ಕರೆಂಟ್ ಹೋಗುವ ಹೊತ್ತಿಗೆ ಬದಲಿಸಿಕೊಡಿ, ಅಷ್ಟೇ ಸಾಕು. ಕರೆಂಟ್ ಯಾವಾಗ ಹೋಗುತ್ತದೆಂದು ನಮಗಿಂತ ಮೊದಲು ಸರ್ಕಾರಕ್ಕೇ ಗೊತ್ತಿರುತ್ತದೆ. ಸೊಸೆಯನ್ನು ಕೈಹಿಡಿದು ಕರೆದುಕೊಂಡು ಬಂದು, ಅಮ್ಮನ ಕಣ್ಣು ತಪ್ಪಿಸಿ, ನಿಮ್ಮವರ ಕಣ್ಣೆದುರೇ ಅವಳಿಗೆ ಉಣ್ಣಿಸುವ ಜವಾಬ್ದಾರಿ ನನ್ನದು. ಈ ತಿಂಗಳಲ್ಲೇ ಆಗಬೇಕು. ಕಡತ ಮೇಜಿನಿಂದ ಮೇಜಿಗೆ ಹೋಗುವವರೆಗೆ ಬಸುರು ಕಾಯುವುದಿಲ್ಲ.

ಆಗದಿದ್ದರೆ ಒಂದು ಉಪಕಾರ ಮಾಡಿ. ಮುಂದೊಂದು ದಿನ ನನ್ನ ಮೊಮ್ಮಗುವೂ ಇಂಥದೇ ಶಿಬಿರದಲ್ಲಿ ಸಾಲಿನಲ್ಲಿ ನಿಂತಿರುತ್ತದೆ. ತುಂಬಾ ಸ್ವೀಟ್ ತಿಂತಿದ್ರಾ ಎಂದು ಅದನ್ನು ಮಾತ್ರ ಕೇಳಬೇಡಿರೆಂದು, ನಿಮ್ಮ ಕುರ್ಚಿಗೆ ಬರುವವರಿಗೆ ಈಗಲೇ ಹೇಳಿಡಿ.

ಇಂತಿ,
ಹುಟ್ಟುವ ಮೊದಲೇ ನಿಮ್ಮ ಶಿಬಿರಕ್ಕೆ ಹೆಸರು ಬರೆಸಿಕೊಂಡ
ಆಶಾರಾಣಿ
(ಕಣ್ಣು ಮಂಜಾದ್ದರಿಂದ, ಹೇಳಿ ಬರೆಸಿದ್ದು, ಬರೆದವಳು ಸೊಸೆ, ಕರೆಂಟ್ ಹೋದಾಗ)