ಸಕ್ಕರಿ ಹಂಚೂತನ ಏಳದ ಮುತ್ಯಾ

ಝಳಕಿ
ಅಮಾಸಿ ಮರುದಿನ, ಮಂಗಳವಾರ

ನನ್ನ ಬಂಗಾರದಂಥಾ ಮೊಮ್ಮಗ ಮಾಳಿಂಗಗ,

ಆರಾಮ ಅದೀ ಏನು? ಕಾರವಾರ ಡಿಪೋದವ್ರು ಹೊತ್ತಿಗೆ ಸರಿಯಾಗಿ ಉಣ್ಣಾಕರ ಬಿಡ್ತಾರೋ, ಬರೇ ಬಸ್ ಹೊಡಸ್ತಾರೋ? ನಾ ಸಾಲ್ಯಾಗ ಮೂರನೆತ್ತಾ ಕಲತಾಕಿ, ಅಕ್ಷರಾ ಸೊಟ್ಟ ಅದಾವಂತ ನಗಬ್ಯಾಡ. ಫೋನ್ ಹಚ್ಚಿದ್ರ ನಿಮ್ಮ ಮುತ್ಯಾ ಬಾಜೂಕ ಕುಂತು ಕಿವಿ ಕೊಡ್ತಾನ, ಅದಕ್ಕ ಬರ್ಯಾಕತ್ತೇನಿ.

ನಿನ್ನ ತಂಗಿ ಪ್ರಿಯದರ್ಶಿನಿ ಮಾತುಕತಿಗೆ ಸಿಂದಗಿಯಿಂದ ಬೀಗರು ಬಂದಿದ್ರಲ್ಲ. ಹುಡುಗನ ಮುತ್ಯಾ ಹಣಮಂತ್ರಾಯ ಆ ಕಡೆ ಗಾದಿಗೆ, ನಮ್ಮಂವ ಈ ಕಡೆ ಗಾದಿಗೆ. ಮಾತು ಪಕ್ಕಾ ಆಗಿ ಸಕ್ಕರಿ ಹಂಚೂತನ ಹಿರ್ಯಾ ಎದ್ರ ಮಾತು ಮುರದಂಗ ಅಂತ ಇವ್ರ ಹಟ. ಮುಂಜಾನಿ ಕುಂತವ್ರು ಬಿಸಲ ಇಳಿಯೂತನ ಕುಂತ್ರು, ಚಾದ ಮ್ಯಾಲ ಚಾ. ಎದ್ದು ಹೊರಗ ಹೋಗಿ ಬಾ ಅಂತ ನಾ ಬಾಗಲದಾಗ ನಿಂತು ಕಣ್ಣ ಸನ್ನಿ ಮಾಡಿದ್ರ ದೊಡ್ಡ ಧಣಿ ನನ್ನ ಕಡೆ ನೋಡಲೇ ಇಲ್ಲ. ಸಕ್ಕರಿ ಬಾಯಾಗ ಬಿದ್ದ ಮ್ಯಾಲ ಹಿತ್ತಲಕ್ಕ ಹೋದ. ಒಂದ ಹನಿ ಉಚ್ಚಿ ಬರಲಿಲ್ಲ. ಹೊಟ್ಟಿ ಮಡಕಿಯಂಗ ಬಿರುಸಾಗಿ ಗ್ವಾಡಿ ಹಿಡದು ಒದರಾಕತ್ತ.

ಹತ್ತಿರದ ಸಣ್ಣ ದವಾಖಾನಿಗೆ ಒಯ್ದ್ವಿ. ಅಲ್ಲಿದ್ದಾಕಿ ಒಬ್ಬಾಕಿನ ಡಾಕ್ಟರ, ಫಿರದೋಸ ಅಂತ, ಹೆರಿಗಿ ಮಾಡಿಸಿ ಆಗಷ್ಟ ಕೈ ತೊಳ್ಯಾಕತ್ತಿದ್ಲು. ಹೆಣ್ಣಮಗಳ ಮುಂದ ಬಿಚ್ಚಾಂಗಿಲ್ಲಂತ ಇಂವ ಧೋತರದ ಗಂಟ ಬಿಗಿ ಹಿಡದ. ಆಕಿ, "ಅಜ್ಜಾರ, ನಾಚಿಕಿ ಆಮ್ಯಾಲ ಮಾಡ್ಕೊಳ್ರಿ, ಈಗ ಕೈ ತಗೀರಿ" ಅಂದ್ಲು. ಉಚ್ಚಿ ತಗ್ಯಾಕ ನಳಿಗಿ ಹಾಕಿದ್ಲು, ಹೋಗಲಿಲ್ಲ. ಇನ್ನೊಂದು ಹಾಕಿದ್ಲು, ರಕ್ತ ಬಂತು. ಸಣ್ಣ ನಳಿಗಿ ತೀರಿದ್ವು. ಅಂಬುಲೆನ್ಸ್ ಚಡಚಣದ ಕಡೆ ಹೋಗಿತ್ತು. ವಿಜಯಪುರದ ದೊಡ್ಡ ಡಾಕ್ಟರಗ ಫೋನ್ ಹಚ್ಚಿ, ಅವ್ರು ಹೇಳಿದಂಗ ಕೇಳಕೋತ ಕಿಬ್ಬೊಟ್ಟಿಗೆ ಸೂಜಿ ಚುಚ್ಚಿದ್ಲು ನೋಡು, ಬೋಗಾಣಿ ತುಂಬ್ತು. ಮುತ್ಯಾ ಕೂಸಿನಂಗ ಅತ್ತ. ಆಕಿ ಸ್ಟೂಲಿನ ಮ್ಯಾಲ ಕುಂತು ಗ್ವಾಡಿಗೆ ತಲಿ ಹಚ್ಚಿದ್ಲು; ಮತ್ಯಾರೋ ಕರದ್ರು, ಎದ್ದು ಹೋದ್ಲು.

ಆಮ್ಯಾಲ ವಿಜಯಪುರದಾಗ ನಳಿಗಿ ಹಾಕಿ ಚೀಲಾ ಕಟ್ಟಿ ಕಳಿಸ್ಯಾರ. ಒಳಗ ಗಂಟು ಬೆಳದೈತಂತ, ಲಗೂನ ಆಪರೇಶನ್ ಮಾಡಸ್ರಿ ಅಂದಾರ. ಇಂವ ಮದವಿ ಆಗಲಿ ಅಂತಾನ. ಬೀಗರಿಗೆ ಗೊತ್ತಾದ್ರ ರೋಗದ ಮನಿ ಅಂತ ಹೆಣ್ಣ ಬ್ಯಾಡಂತಾರಂತ. ಚೀಲಾ ತುಂಬಬಾರದಂತ ನೀರು ಕುಡ್ಯೂದ ಬಿಟ್ಟಾನ. ನೀರು ಬಿಟ್ರ ನಳಿಗಿ ಕಟ್ಟಿ ಜೀವಕ್ಕ ಬರ್ತೈತಿ ಅಂತ ಡಾಕ್ಟರ ಎಷ್ಟ ಹೇಳಿದ್ರೂ ಅಷ್ಟ. ಚೀಲಾ ಚೆಲ್ಲಾಕಿ ನಾನ, ಬೈಯ್ಯಾಕಿನೂ ನಾನ. ಬೈದು ಬೈದು ನನ್ನ ನಾಲಿಗಿನ ದಣದೈತಿ ಅಂದ್ರ ನೀನ ತಿಳಕೋ.

ಘಾಟದಾಗ ಸಾವಕಾಶ ಹೊಡಿ. ನಿನ್ನ ಕೈ ಕಾಲು ಗಟ್ಟಿ ಇರಲಿ, ನನ್ನ ಆಯುಷ್ಯದಾಗಿಂದ ಒಂದೀಟು ನಿನಗ ಇರಲಿ.

ನಿಮ್ಮ ಆಯಿ,
ಇಂದ್ರಾಬಾಯಿ

ತಾ.ಕ. — ಮುತ್ಯಾಗ ತಿಳೀಲಾರದಂಗ ಹಣಮಂತ್ರಾಯನ ಹೆಂಡತಿಗೆ ಫೋನ್ ಹಚ್ಚಿ ಎಲ್ಲಾ ಹೇಳಿಬಿಟ್ಟೇನಿ. ಮುರದ್ರ ಮುರೀಲಿ, ಜೀವ ಉಳೀಲಿ ಅಂತ. ಆಕಿ, "ನಮ್ಮವ್ರಿಗೂ ಹಂಗ ಐತ್ರಿ ಅವ್ವಾ. ಅವತ್ತ ನಿಮ್ಮವ್ರು ಏಳಲಿಲ್ಲಂತ ಇವ್ರೂ ಏಳಲಿಲ್ಲ, ಊರು ಮುಟ್ಟೂತನ ಗಾಡಿಯಾಗ ನರಳಿದ್ರು" ಅಂದ್ಲು. ರಜಾ ಹಾಕಿ ಬಾ. ಸಿಂದಗಿ ಮುದುಕನ್ನ ಮೊದಲ ಹತ್ತಿಸ್ಕೊಂಡು ನಮ್ಮ ಬಾಗಲಕ್ಕ ಗಾಡಿ ತಂದು ನಿಂದ್ರಸು. ಅಂವ ಕುಂತಿದ್ದು ನೋಡಿದ್ರ ಇಂವನೂ ಕುಂಡ್ರತಾನ, ಇಬ್ಬರನೂ ವಿಜಯಪುರಕ್ಕ ಒಯ್ಯಿ. ದಾರ್ಯಾಗ ಬೀಗ ಒಂದಕ್ಕ ಹೋಗಬೇಕು, ಗಾಡಿ ನಿಂದ್ರಸು ಅಂತ ಕೇಳಾಂಗಿಲ್ಲ, ನೀನ ನಿಂದ್ರಸು.