ಗುರುಬಸಮ್ಮನ ತಂಪುಗುಳಿಗೆ

ರಾಯಚೂರು, ಫೆಬ್ರವರಿ ೩೦, ೨೧೯೪

ನಮ್ಮ ಮುತ್ತಜ್ಜಿಯರ ಕಾಲದವರಿಗೆ,

ಫೆಬ್ರವರಿಗೆ ಮೂವತ್ತನೇ ತಾರೀಖು ಎಲ್ಲಿಂದ ಬಂತು ಎಂದು ಕೇಳಬೇಡಿ, ನಮ್ಮಲ್ಲಿ ಬಂದಿದೆ. ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ವಿಷಯ ಮಾತ್ರ ನಿಮ್ಮ ಕಾಲದ್ದೇ, ನನಗೆ ಸಿಟ್ಟು ಬಂದಿರುವುದೂ ಅದಕ್ಕೇ.

ನನ್ನ ಅಕ್ಕ ಗುರುಬಸಮ್ಮನಿಗೆ ಐವತ್ನಾಲ್ಕು. ನೀರುಬಂಡಿಯ ಚಾಲಕಿ. ನೀರುಬಂಡಿ ಎಂದರೆ ಬೇಸಿಗೆಯಲ್ಲಿ ಕೃಷ್ಣೆಯಿಂದ ಊರಿಗೆ ನೀರು ತರುವ ನಲವತ್ತು ಡಬ್ಬಿಯ ರೈಲು. ಇಲ್ಲಿ ಬೆಳಿಗ್ಗೆ ಹತ್ತಕ್ಕೆ ‘ಬಿಸಿಲುಗಂಟೆ’ ಮೊಳಗುತ್ತದೆ, ಸಂಜೆ ಐದರವರೆಗೆ ಯಾರೂ ಹೊಸಿಲು ದಾಟುವಂತಿಲ್ಲ. ಅವಳಿಗೆ ಮಾತ್ರ ಆ ಬಿಡುವು ಇಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಬಂಡಿ ತಡ ಮಾಡಿದವಳಲ್ಲ.

ಮುಟ್ಟು ನಿಂತ ಮೇಲೆ ಅವಳಿಗೆ ಇದ್ದಕ್ಕಿದ್ದಂತೆ ಮೈ ಕಾದು ಬೆವರಿಳಿಯತೊಡಗಿತು. ನಿದ್ದೆ ಹೋಯಿತು. ಒಮ್ಮೆ ಸಿಗ್ನಲ್ಲಿನ ಮುಂದೆ ಸುಮ್ಮನೆ ಅತ್ತಳಂತೆ. ಆಸ್ಪತ್ರೆಗೆ ಹೋದಳೇ? ಇಲ್ಲ. ಕನ್ನಡಿಸಖಿಯನ್ನು ಕೇಳಿದಳು. ನಮ್ಮ ಮನೆಗಳ ಕನ್ನಡಿಯಲ್ಲಿ ಒಬ್ಬ ನಗುಮುಖದ ಹೆಂಗಸು ಬಂದು ಸುಖದುಃಖ ವಿಚಾರಿಸಿ, ಕೊನೆಗೆ ಏನಾದರೊಂದು ಮಾರಿಯೇ ಹೋಗುತ್ತಾಳೆ. ಅಕ್ಕನಿಗೆ ಮಾರಿದ್ದು ತಂಪುಗುಳಿಗೆ. ಡಬ್ಬಿಯ ಮೇಲೆ ‘ನೂರಕ್ಕೆ ನೂರು ನೈಸರ್ಗಿಕ’ ಎಂದಿತ್ತು. ನಿಮ್ಮ ಕಾಲದ ಜಾಹೀರಾತುಗಳನ್ನು ದಫ್ತರದಲ್ಲಿ ತೆಗೆಸಿ ನೋಡಿದೆ. ಅದೇ ಮಾತು! ಒಂದಕ್ಷರವೂ ಬದಲಾಗಿಲ್ಲ. ದತ್ತೂರಿಯೂ ನೈಸರ್ಗಿಕವೇ ಅಲ್ಲವೇ ತಾಯಂದಿರಾ?

ಮುಟ್ಟು ನಿಂತು ಮೂರು ವರ್ಷವಾದ ಮೇಲೆ ಅವಳಿಗೆ ಮತ್ತೆ ರಕ್ತ ಕಂಡಿತು. ಕನ್ನಡಿಯವಳು, “ಶುಭ ಸೂಚನೆ ಅಕ್ಕಾ, ಯೌವನ ಮರಳುತ್ತಿದೆ. ಗುಳಿಗೆ ಎರಡು ಮಾಡಿ” ಎಂದಳು. ಅಕ್ಕ ಎರಡು ಮಾಡಿದಳು. ಹೀಗೇ ಎಂಟು ತಿಂಗಳು ಕಳೆದವು. ಆಮೇಲೆ ಒಂದು ಭಾನುವಾರ ಹೋಳಿಗೆ ಕಟ್ಟಿಕೊಂಡು ನನ್ನ ಮನೆಗೆ ಬಂದು, ನಾಚಿಕೊಂಡು ಮುಟ್ಟು ಮರಳಿದ ಸುದ್ದಿ ಹೇಳಿದಳು. ನಾನು ಹೋಳಿಗೆ ಅಲ್ಲೇ ಬಿಟ್ಟು ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಡಾಕ್ಟರ್ ಶಾಹೀನಾ ಕೇಳಿದರು: “ಏನರ ಗುಳಿಗಿ ತಗೊಳಾಕತ್ತೀರೇನಮ್ಮಾ?”

“ಏನೂ ಇಲ್ರಿ,” ಎಂದಳು ಅಕ್ಕ.

ನಾನು ಅವಳ ಚೀಲ ಕಸಿದು ಮೇಜಿನ ಮೇಲೆ ಸುರಿದೆ. ಏಳು ಡಬ್ಬಿ!

“ಅವು ಔಷಧ ಅಲ್ಲಲ್ಲ, ಬರೇ ಬೇರು-ನಾರು,” ಎಂದು ಗೊಣಗಿದಳು.

ಗರ್ಭಕೋಶದಲ್ಲಿ ಕ್ಯಾನ್ಸರ್ ಇತ್ತು. “ಗುಳಿಗಿಯಿಂದಾನ ಬಂತು ಅಂತ ನಾ ಹೇಳಂಗಿಲ್ಲ,” ಎಂದರು ಶಾಹೀನಾ. “ಆದ್ರ ಎಂಟು ತಿಂಗಳ ವ್ಯಾಳ್ಯಾ ಅದು ತಿಂದು ಹಾಕ್ತು.” ಗರ್ಭಕೋಶ ತೆಗೆದರು. ಬೇರೆ ಕಡೆ ಹರಡಿರಲಿಲ್ಲ. ಅಕ್ಕ ಉಳಿದಳು. ಮೈ ಉರಿಗೂ ನಿದ್ದೆಗೂ ಆಮೇಲೆ ಶಾಹೀನಾ ಅವರೇ ಅವಳಿಗೆ ಒಗ್ಗುವ ಚಿಕಿತ್ಸೆ ಕೊಟ್ಟರು. ಕೊಡಲು ಅವರು ಮೊದಲೂ ಅಲ್ಲೇ ಕೂತಿದ್ದರು, ಅವಳ ಮನೆಯಿಂದ ಮೂರು ಬೀದಿ ಆಚೆ.

ಆಸ್ಪತ್ರೆಯ ಮಂಚದ ಬಳಿ ನಾನು ರೇಗಿದೆ: “ಹಾಳಾದ ಕನ್ನಡಿ ಮುಂದ ಹೇಳ್ಕೊಂಡಿ, ನಂಗ ಒಂದ್ಮಾತು ಹೇಳಬಾರದಿತ್ತೇನ?”

ಅಕ್ಕ ಸೂರು ನೋಡುತ್ತಾ ಹೇಳಿದಳು: “ಮೊದಲು ನಿನಗೇ ಹೇಳಿದ್ನೆವ್ವಾ. ‘ರಾಯಚೂರಾಗ ಯಾರ ಮೈ ಉರಿಯಂಗಿಲ್ಲ ಬಿಡಕ್ಕ’ ಅಂತ ನಕ್ಕಿ. ಕನ್ನಡ್ಯಾಗಿನಾಕಿ ನಗಲಿಲ್ಲ.”

ನನಗೆ ಆ ಮಾತು ಆಡಿದ ನೆನಪೇ ಇಲ್ಲ. ಆದರೆ ಆಡಿರುತ್ತೇನೆ, ನನ್ನದೇ ಧಾಟಿ.

ಆದ್ದರಿಂದ ಬೈಗುಳದಲ್ಲಿ ಅರ್ಧ ನನಗೇ ಇಟ್ಟುಕೊಂಡು ಉಳಿದರ್ಧ ನಿಮಗೆ ಕಳಿಸುತ್ತಿದ್ದೇನೆ. ನಿಂತ ಮುಟ್ಟು ಮರಳಿದರೆ ತಡಮಾಡದೆ ವೈದ್ಯರ ಬಳಿ ಹೋಗಿ. ತಿನ್ನುವ ಗುಳಿಗೆ ಬೇರಿನದಾದರೂ ಡಬ್ಬಿ ಸಮೇತ ಅವರಿಗೆ ತೋರಿಸಿ. ಮತ್ತು ನಿಮ್ಮ ಮನೆಯಲ್ಲಿ ಯಾರಾದರೂ ಮೈ ಉರಿಯುತ್ತದೆ ಎಂದರೆ, ದಯವಿಟ್ಟು, ಕೈಯಲ್ಲಿನ ಕೆಲಸ ಬಿಟ್ಟು “ಯಾವಾಗಿಂದ?” ಎಂದು ಕೇಳಿ. ಮಾರುವವಳು ಅದನ್ನು ಕೇಳುತ್ತಾಳೆ. ಅವಳಿಗಿಂತ ಮೊದಲು ನೀವು ಕೇಳಿ.

ಇತಿ,
ಇನ್ನೂ ಸಿಟ್ಟು ಇಳಿಯದ
ನೀಲಗಂಗಾ