ಯಜಮಾನ್ತಿಯ ಹುಟ್ಟು

ಪೋರ್ತೊಲೋಬ, ಗಲೀಸಿಯಾ
ಆಗಸ್ಟ್ 19, 1991, ಸೋಮವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೆ? ನೀವಿರುವ ಆ ದಕ್ಷಿಣದ ತುದಿಯ ಮಾಲ್ವಿನಾಸ್ ದ್ವೀಪಗಳ ಕಡೆ ಈಗ ಕಡುಚಳಿಯಂತೆ, ಹಡಗಿನ ಹಗ್ಗಗಳ ಮೇಲೂ ಮಂಜುಗಡ್ಡೆ ಕಟ್ಟುತ್ತದಂತೆ. ಇಲ್ಲಿ ಬಿಸಿಲಿಗೆ ಬೆವರುತ್ತ ಕೂತವರಿಗೆ ಅದನ್ನು ನಂಬುವುದೇ ಕಷ್ಟ. ಅಜ್ಜಿ ಹೆಣೆದ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೀರಿ ತಾನೆ? ನಿಮ್ಮ ಹಡಗಿನ ಅಡುಗೆಯವನು ಈಗಲೂ ದಿನಾ ಕಡಲೆಯನ್ನೇ ಬೇಯಿಸಿ ಹಾಕುತ್ತಾನೆಯೆ? ನಾವೆಲ್ಲ ಚೆನ್ನಾಗಿದ್ದೇವೆ. ಅಜ್ಜಿಯ ಕೆಮ್ಮು ಹೋಗಿದೆ, ಬೈಗುಳ ವಾಪಸು ಬಂದಿದೆ. ನಿಮ್ಮ ಕುರ್ಚಿಯನ್ನು ಬೆಕ್ಕು ಪೂರ್ತಿ ತನ್ನದು ಮಾಡಿಕೊಂಡಿದೆ. ಇನ್ನು ಅಮ್ಮ. ಅಮ್ಮನ ವಿಷಯ ಹೇಳುವುದಕ್ಕೇ ಈ ಕಾಗದ. ಎದುರು ಕೂತು ಹೇಳು ಎಂದರೆ ನನ್ನಿಂದ ಆಗುವುದಿಲ್ಲ. ಮನೆಗೆ ಯಾರಾದರೂ ಬಂದರೆ ನಾನು ಮೊದಲು ಹುಡುಕುವುದು ಹಿತ್ತಿಲ ಬಾಗಿಲನ್ನು ಎಂದು ನಿಮಗೆ ಗೊತ್ತೇ ಇದೆ. ಕಾಗದವಾದರೆ ನನ್ನ ಮುಖ ನೋಡುವುದಿಲ್ಲ.

ನೀವು ಹೋದ ಮೇಲೆ ಊರಲ್ಲಿ ಗಂಡಸರು ಇನ್ನೂ ಕಡಿಮೆಯಾದರು. ಸಮುದ್ರಕ್ಕೆ ಹೋದವರು ಸಮುದ್ರಕ್ಕೆ, ಸ್ವಿಟ್ಜರ್‌ಲೆಂಡಿನ ಹೋಟೆಲುಗಳಿಗೆ ಹೋದವರು ಅಲ್ಲಿಗೆ. ನೀವು ಹಿಂತುದಿಯಲ್ಲಿ ನಿಂತು ನಡೆಸುತ್ತಿದ್ದ ಪಂದ್ಯದ ದೋಣಿ ಶೆಡ್ಡಿನಲ್ಲಿ ಒಣಗುತ್ತ ಬಿದ್ದಿತ್ತು. ಹದಿಮೂರು ಹುಟ್ಟಿಗೆ ಹದಿಮೂರು ಗಂಡಸರು ಸಿಗಬೇಕಲ್ಲ. ಒಂದು ದಿನ ಕಾರ್ಖಾನೆಯಲ್ಲಿ ನಾವು ಡಬ್ಬಿಗೆ ಬೂತಾಯಿ ಮೀನು ತುಂಬುತ್ತಿದ್ದಾಗ ಬಲ್ಬೀನಾ ಅತ್ತೆ ಕೈ ಒರೆಸಿಕೊಂಡು, "ಆ ದೋಣಿಗೇನು ಮೀಸೆ ಇದೆಯೇನ್ರೇ? ನಾವು ಹತ್ತಿದ್ರೆ ಮುಳುಗತ್ತಾ?" ಎಂದಳು. ನಿಮ್ಮ ತಂಗಿಯೇ ತಾನೆ, ಅಷ್ಟಕ್ಕೆ ಸುಮ್ಮನಾಗಲಿಲ್ಲ. ಏಪ್ರನ್ ಕೂಡ ಬಿಚ್ಚದೆ ದೋಣಿಸಂಘದ ಫಾಬಿಯಾನ್ ಮಾಮನ ಹತ್ತಿರ ಹೋಗಿ ಶೆಡ್ಡಿನ ಬೀಗದ ಕೈ ಕೇಳಿದಳು. ಅವನು ಮೊದಲು ನಕ್ಕ, ಆಮೇಲೆ ರೇಗಿದ. ಕೊನೆಗೆ ಒಂದು ಷರತ್ತು ಹಾಕಿದ. "ಸಂತ ರೋಕೆಯ ಹಬ್ಬದ ಪಂದ್ಯದಲ್ಲಿ ದೂರದ ಬೋಯಾ ಸುತ್ತಿ ವಾಪಸ್ ಬನ್ನಿ ನೋಡೋಣ. ಸುತ್ತೋಕಾಗದೆ ನಾವೇ ಹಗ್ಗ ಹಾಕಿ ಎಳ್ಕೊಂಡು ಬರೋ ಹಾಗಾಯ್ತೋ, ದೋಣೀನ ಪಕ್ಕದೂರಿಗೆ ಮಾರಿಬಿಡ್ತೀನಿ. ಆಮೇಲೆ ಯಾವ ಹೆಂಗಸೂ ಈ ಬಾಗಿಲಿಗೆ ಬರಬಾರದು." ನೀರಿನ ಮೇಲೆ ತೇಲುವ ಆ ಕೆಂಪು ಬೋಯಾವನ್ನು ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಅದು ಅಷ್ಟು ದೂರ ಇದೆ ಎಂದು ಅವತ್ತೇ ನನಗೆ ಗೊತ್ತಾದದ್ದು.

ಹೌದು ಅಪ್ಪಾ, ಹದಿಮೂರರಲ್ಲಿ ನಾನೂ ಒಬ್ಬಳು. ನಾನೇನೂ ಕೇಳಿರಲಿಲ್ಲ. ಬಲ್ಬೀನಾ ಅತ್ತೆ ಹನ್ನೆರಡು ಜನರನ್ನು ಎಣಿಸಿ ಸುತ್ತಲೂ ನೋಡಿದಳು. ನಾನು ಮೇಜಿನ ಕೆಳಗೆ ಬಗ್ಗುವಷ್ಟರಲ್ಲಿ ಹೆಸರು ಕೂಗಿಯಾಗಿತ್ತು. ದೋಣಿಯ ಮುಂದಿನ ಮೂತಿಯಲ್ಲಿ ಒಬ್ಬರೇ ಕೂರುವ ಆ ಇಕ್ಕಟ್ಟಿನ ಜಾಗ ನನಗೆ ಬಂತು. ಯಾರೂ ಮಾತನಾಡಿಸದ ಜಾಗ ಎಂದು ಒಳಗೊಳಗೇ ಖುಷಿಯಾಯಿತು.

ಹುಟ್ಟು ಹಾಕುವವರು ಸಿಕ್ಕರು, ನಡೆಸುವವರು ಸಿಗಲಿಲ್ಲ. ಹೆಂಗಸರ ದೋಣಿಗೆ ಯಜಮಾನನಾಗಿ ನಿಲ್ಲಲು ಊರಲ್ಲಿ ಉಳಿದ ಯಾವ ಗಂಡಸಿಗೂ ಮನಸ್ಸಿಲ್ಲ. ಯಜಮಾನನಿಲ್ಲದೆ ಇಳಿದ ಮೊದಲ ಸಂಜೆ ನಾವು ಇದ್ದಲ್ಲೇ ಬುಗುರಿಯ ಹಾಗೆ ಸುತ್ತಿದೆವು. ಗೋಡೆಯ ಮೇಲೆ ಸಾಲಾಗಿ ಕೂತ ಮುದುಕರಿಗೆ ಅದಕ್ಕಿಂತ ಒಳ್ಳೆಯ ಆಟ ಬೇಕೆ? "ನೋಡ್ರೋ, ನೀರಲ್ಲಿ ಹಿಟ್ಟು ನಾದ್ತಿದ್ದಾರೆ!" ಎಂದ ಒಬ್ಬ. "ನಾದಿದ್ದನ್ನ ತಿಂದೇ ಅಲ್ವೇನೋ ಈ ಹೊಟ್ಟೆ ಬೆಳೆಸಿದ್ದು!" ಎಂದು ಅತ್ತೆ ದೋಣಿಯಿಂದಲೇ ತಿರುಗಿಸಿ ಕೊಟ್ಟಳು. ಅಷ್ಟರಲ್ಲಿ ಅಮ್ಮ ಬಂದಳು. ಬೆಟ್ಟದ ಊರುಗಳಲ್ಲಿ ಮೀನು ಮಾರಿ, ಬರಿದಾದ ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು, ನನ್ನನ್ನು ಬೈಯುವುದಕ್ಕೆಂದೇ ಬಂದಿದ್ದಳು. ದಡದಲ್ಲಿ ನಿಂತು, "ಸಬೆಲಾ! ನೆಟ್ಟಗೆ ಕೂತ್ಕೊಳೇ! ಎಲ್ಲರೂ ಅವಳ ಜತೆ ಎಳೀರೇ!" ಎಂದು ಕೂಗಿದಳು ನೋಡಿ, ನಮಗೇ ಗೊತ್ತಿಲ್ಲದೆ ಹದಿಮೂರು ಹುಟ್ಟು ಒಟ್ಟಿಗೆ ಬಿದ್ದವು. ದೋಣಿ ನೆಟ್ಟಗೆ ಹೋಯಿತು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಮ್ಮನೂ ಬುಟ್ಟಿ ಕೆಳಗಿಳಿಸಿ ದೋಣಿಯನ್ನೇ ನೋಡಿದಳು.

ಮರುದಿನ ಅಡುಗೆಮನೆಯ ಬಾಗಿಲ ಮೇಲಿನಿಂದ ನಿಮ್ಮ ಚುಕ್ಕಾಣಿ ಹುಟ್ಟನ್ನು ಅಮ್ಮ ಕೆಳಗಿಳಿಸಿದಳು. ಅಜ್ಜಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. "ಅವನು ಬಂದು ಕೇಳ್ಲಿ, ನಾನೇ ಹೇಳ್ತೀನಿ" ಎಂದಷ್ಟೇ ಅಮ್ಮ ಹೇಳಿದಳು. ನಿಮ್ಮ ಎತ್ತರಕ್ಕೆ ಮಾಡಿಸಿದ ಹುಟ್ಟು ಅದು. ಅಲೆ ಬಂದಾಗಲೆಲ್ಲ ಹಿಡಿ ಅಮ್ಮನ ಗಲ್ಲಕ್ಕೆ ಬಡಿಯುತ್ತಿತ್ತು. ವಾರವಿಡೀ ಗಲ್ಲ ನೇರಳೆ ಹಣ್ಣಿನ ಬಣ್ಣಕ್ಕಿತ್ತು. ಆದರೆ ಕಾಲು ಮಾತ್ರ ಕದಲುತ್ತಿರಲಿಲ್ಲ. ಕಲ್ಲುದಾರಿಯಲ್ಲಿ ತಲೆ ಮೇಲೆ ಬುಟ್ಟಿ ಹೊತ್ತು ನಡೆದವಳಿಗೆ ಅಲ್ಲಾಡುವ ದೋಣಿ ಯಾವ ಲೆಕ್ಕ?

ಗಂಡಸರು ಅವಳಿಗೆ ಹೆಸರನ್ನೂ ಇಟ್ಟರು. ನೀವು ಹೋಟೆಲಿನಿಂದ ಏಳುವಾಗ ಹೇಳುತ್ತಿದ್ದಿರಲ್ಲ, "ಇನ್ನೊಂದು ಲೋಟ ಬೇಡಪ್ಪ, ಮನೇಲಿ ಯಜಮಾನ್ತಿ ಕಾಯ್ತಿದ್ದಾಳೆ" ಎಂದು, ಅದೇ ಹೆಸರು. ದೋಣಿ ನಡೆಸುವವನು ಯಜಮಾನನಾದರೆ ನಡೆಸುವವಳು ಯಜಮಾನ್ತಿ, ಮತ್ತೆ ಯಜಮಾನ್ತಿ ಎಂದರೆ ಹೆಂಡತಿ. ಎಷ್ಟು ಸಲ ಹೇಳಿದರೂ ಅವರಿಗೆ ನಗು ತೀರದು. "ಏನ್ ಯಜಮಾನ್ತೀ, ಒಲೆ ಮೇಲೆ ಸಾರು ಉಕ್ತಿದೆ, ಇಲ್ಲೇನು ಮಾಡ್ತಿದ್ದೀ?" ಅಮ್ಮ ಹುಟ್ಟನ್ನು ಹೆಗಲಿಗೇರಿಸಿ ದೋಣಿಯ ಕಡೆ ನಡೆಯುತ್ತಿದ್ದಳು. ನನಗೆ ಮಾತ್ರ ಕಿವಿ ಸುಡುತ್ತಿತ್ತು.

ಶುಕ್ರವಾರ, ಹಬ್ಬದ ದಿನ, ಈಶಾನ್ಯದ ಗಾಳಿ ಎದ್ದಿತು. ಹೆಂಗಸರ ಪಂದ್ಯಕ್ಕೆ ಎರಡೇ ದೋಣಿ, ನಮ್ಮದು ಮತ್ತು ಪಕ್ಕದೂರಿನವರದು. ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುವ ನಮಗೆ ಕಾಣುವುದು ಯಜಮಾನನ ಮುಖ ಒಂದೇ. ನಿಮಗೆ ಇದೇನು ಹೊಸದಲ್ಲ, ನನಗೆ ಹೊಸದು. ನಾನು ಅಮ್ಮನ ಬೆನ್ನನ್ನೇ ನೋಡಿ ಬೆಳೆದವಳು. ಒಲೆಯ ಮುಂದೆಯೂ ಬೆನ್ನು, ಬುಟ್ಟಿ ಹೊತ್ತು ಮುಂದೆ ನಡೆಯುವಾಗಲೂ ಬೆನ್ನು. ಅವಳ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಹಿಂದೆ ಆಕಾಶ, ಕೆಳಗೆ ನಮ್ಮ ಹದಿಮೂರು ಜನರ ಜೀವ, ನಡುವೆ ಕಾಲೂರಿ ನಿಂತ ಗಿಡ್ಡ ಹೆಂಗಸು. ನಮಗೆ ಯಾರಿಗೂ ಕಾಣದ್ದನ್ನು ಅವಳೊಬ್ಬಳೇ ನೋಡುತ್ತಿದ್ದಳು. ಇವಳು ನಮ್ಮ ಮನೆಯಲ್ಲೇ ಇದ್ದಳೆ, ನಮ್ಮ ಜತೆಯೇ ರೊಟ್ಟಿ ತಿನ್ನುತ್ತಿದ್ದಳೆ ಎಂದುಕೊಳ್ಳುತ್ತ ಹುಟ್ಟು ಎಳೆದೆ.

ಬೋಯಾ ಹತ್ತಿರ ಬಂತು. ಬಲಗಡೆಯವರು ಎಳೆಯಬೇಕು, ಎಡಗಡೆಯವರು ತಡೆಯಬೇಕು, ಮೂತಿಯ ನಾನು ತಿರುವಿಗೆಂದೇ ಇಟ್ಟ ಗಿಡ್ಡ ಹುಟ್ಟನ್ನು ನೀರಿಗೆ ಚುಚ್ಚಿ ಹಿಡಿಯಬೇಕು, ಎಲ್ಲವೂ ಒಂದೇ ಕೂಗಿಗೆ. ಒಬ್ಬರು ತಪ್ಪಿದರೂ ಗಾಳಿ ದೋಣಿಯನ್ನು ಬಂಡೆಗಳ ಕಡೆ ಒಯ್ಯುತ್ತದೆ. ಅಮ್ಮ ಬಾಯಿ ತೆರೆದಳು. ಕೂಗು ಬರಲಿಲ್ಲ. ಅವಳ ಕಣ್ಣು ನೋಡಿಯೇ ನನಗೆ ತಿಳಿಯಿತು, ಮಾತು ಮರೆತಿದ್ದಾಳೆ. ಅಷ್ಟು ದಿನ ಕಲಿತದ್ದು ಹಾರಿಹೋಗಿದೆ. ನಮ್ಮನ್ನು ಎಳೆದೊಯ್ಯಲು ಹಗ್ಗ ಹಿಡಿದು ಕಾಯುತ್ತಿದ್ದ ಫಾಬಿಯಾನ್ ಮಾಮ ತನ್ನ ದೋಣಿಯಲ್ಲಿ ಎದ್ದು ನಿಂತದ್ದು ಓರೆಗಣ್ಣಿಗೆ ಕಂಡಿತು. ಆಗ ಅಮ್ಮನ ಎದೆಯ ಆಳದಿಂದ ಬಂತು ಅಪ್ಪಾ, ದಿನಾ ಬೆಳಿಗ್ಗೆ ನಮ್ಮ ಬೀದಿಯಿಂದ ಹಿಡಿದು ಬೆಟ್ಟದ ಊರುಗಳವರೆಗೆ ಕೂಗುವ ಅದೇ ಕೂಗು: "ಜೀವಾ ಇದೇ! ಬೂತಾಯೀ... ಇನ್ನೂ ಜೀವಾ ಇದೇ!"

ಹುಟ್ಟಿದಾಗಿನಿಂದ ಆ ಕೂಗಿಗೆ ಹಾಸಿಗೆ ಬಿಟ್ಟು ಎದ್ದವರು ನಾವು. ಯೋಚಿಸಲು ಏನಿದೆ? ಬಲಗಡೆ ಎಳೆಯಿತು, ಎಡಗಡೆ ತಡೆಯಿತು, ನಾನು ಹುಟ್ಟು ಚುಚ್ಚಿ ಅದರ ಮೇಲೆ ಬಿದ್ದೆ. ದೋಣಿ ನರಳಿತು, ಓರೆಯಾಯಿತು. ಕೆಂಪು ಬೋಯಾ ನನ್ನ ಮೊಣಕೈ ಸವರಿಕೊಂಡು ಹಿಂದೆ ಹೋಯಿತು. ದಡದವರೆಗೂ ಅಮ್ಮ ಬೇರೆ ಮಾತೇ ಆಡಲಿಲ್ಲ. ಜೀವಾ ಇದೆ, ಜೀವಾ ಇದೆ. ಬಲ್ಬೀನಾ ಅತ್ತೆ ಅಳುತ್ತಲೂ ನಗುತ್ತಲೂ ಎಳೆದಳು.

ನಾವು ಎರಡನೆಯವರಾದೆವು. ಎರಡೇ ದೋಣಿ ಎಂದು ಮೇಲೆಯೇ ಬರೆದಿದ್ದೇನೆ, ಆದ್ದರಿಂದ ನಗಬೇಡಿ. ಫಾಬಿಯಾನ್ ಮಾಮ ಧ್ವನಿವರ್ಧಕ ಹಿಡಿದು ವಾಡಿಕೆಯಂತೆ ದೋಣಿಯ ಹೆಸರು ಹೇಳಿ, "ಯಜಮಾನ..." ಎಂದು ತಡವರಿಸಿದ. ಕೆಮ್ಮಿದ. ಆಮೇಲೆ, "ಯಜಮಾನ್ತಿ, ದೊರಿಂಡಾ" ಎಂದ. ಗೋಡೆಯ ಮೇಲಿನವರು ರೂಢಿಯಂತೆ ನಗಲು ಶುರು ಮಾಡಿದರು. ನಗು ಅರ್ಧಕ್ಕೇ ನಿಂತಿತು. ನಿನ್ನೆ ನಮ್ಮ ಬೀದಿಯ ಪುಟ್ಟ ಹುಡುಗಿಯರು ಬಟ್ಟೆ ಒಗೆಯುವ ತೊಟ್ಟಿಯೊಳಗೆ ಪೊರಕೆ ಹಿಡಿದು ಜಗಳವಾಡುತ್ತಿದ್ದರು. "ನೀನೇ ಹುಟ್ಟು ಹಾಕೇ, ಇವತ್ತು ನಾನು ಯಜಮಾನ್ತಿ!" "ಹೋಗೇ, ನಿನ್ನೇನೂ ನೀನೇ ಆಗಿದ್ದೆ!" ಅಮ್ಮ ಕಿಟಕಿಯಿಂದ ನೋಡಿ, ಶನಿವಾರ ಎಲ್ಲರೂ ದೋಣಿಯ ಹತ್ತಿರ ಬನ್ನಿ ಎಂದಳು. ಬೀಗದ ಕೈ ಈಗ ನಮ್ಮ ಮನೆಯ ಮೊಳೆಗೆ ನೇತಾಡುತ್ತಿದೆ.

ಒಂದು ಮಾತು ಅಪ್ಪಾ. ಹೆಂಗಸಿನ ದನಿ ದೋಣಿಯ ಮೂತಿಯವರೆಗೆ ಮುಟ್ಟುವುದಿಲ್ಲ ಎಂದು ನೀವು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದಿರಿ. ನಿಮಗೆ ಎದುರಾಡಿದವಳಲ್ಲ ನಾನು. ಆದರೆ ಮೂತಿಯಲ್ಲಿ ಕೂತಿದ್ದವಳು ನಾನೇ. ಅಷ್ಟು ಗಾಳಿಯಲ್ಲೂ ಕೇಳಿಸಿತು.

ಅಜ್ಜಿ ಆಶೀರ್ವಾದ ಹೇಳಿದ್ದಾಳೆ, ಅತ್ತೆ ಮುತ್ತು ಕಳಿಸಿದ್ದಾಳೆ. ಕಡಲಿನ ತಾಯಿ ನಿಮ್ಮನ್ನು ಒಣಗಿದ ಬಟ್ಟೆಯಲ್ಲೇ ಮನೆಗೆ ತಲುಪಿಸಲಿ.

ನಿಮ್ಮ ಮಗಳು,
ಸಬೆಲಾ

ಮರೆತಿದ್ದೆ: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಗಲ್ಲಕ್ಕೆ ಬಡಿದು ಬಡಿದು ಸಾಕಾಗಿ, ಪಂದ್ಯದ ಹಿಂದಿನ ದಿನ ಅಮ್ಮ ನಿಮ್ಮ ಹುಟ್ಟನ್ನು ಗರಗಸದಿಂದ ಒಂದು ಗೇಣು ಕೊಯ್ದುಬಿಟ್ಟಳು. ನೀವು ನಿಮ್ಮ ಹೆಸರು ಕೆತ್ತಿದ್ದ ತುದಿಯನ್ನೇ. ಇನ್ನು ಅದು ನಿಮ್ಮ ಎತ್ತರಕ್ಕೆ ಬರುವುದಿಲ್ಲ, ಅವಳ ಎತ್ತರಕ್ಕೆ ಸರಿಯಾಗಿದೆ. ಕೊಯ್ದ ತುಂಡನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾಳೆ. ಇದನ್ನು ನಾನು ಹೇಳಿದೆ ಎಂದು ಹೇಳಬೇಡಿ. ಸಿಟ್ಟು ಬಂದರೆ ಅಲ್ಲೇ ಪೂರ್ತಿ ಮಾಡಿ ಮುಗಿಸಿಕೊಂಡು ಬನ್ನಿ.